ಚಟ್ನಿ ರುಬ್ಬುವಾಗ ಹಿತ್ತಿಲು ಮಾಯ

ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿರುವ ನಮ್ಮ ಹಂಚಿನ ಮನೆಯ ಗೋಡೆ ಒಂದೂವರೆ ಅಡಿ ದಪ್ಪ. ನಡುಮನೆಯ ರೂಟರಿನಿಂದ ಹೊರಟ ವೈಫೈ ಅಡುಗೆಮನೆ ತಲುಪುವಷ್ಟರಲ್ಲೇ ಸುಸ್ತಾಗುತ್ತದೆ. ಅಮ್ಮ ಒಬ್ಬರೇ ಇರುವುದರಿಂದ ಹಿತ್ತಿಲ ಬಾಗಿಲಿಗೊಂದು ಕ್ಯಾಮೆರಾ ಬೇಕೇ ಬೇಕಿತ್ತು. ಕೇಬಲ್ ಎಳೆಸೋಣವೆಂದರೆ, "ಗಾರೆ ಗೋಡೆಗೆ ಡ್ರಿಲ್ ಹಾಕಿಸಿದರೆ ನೋಡು" ಎಂದರು.

ಹಾಗಾಗಿ ಒಂದು ಜೊತೆ ಪವರ್‌ಲೈನ್ ಅಡಾಪ್ಟರ್ ಕೊಂಡೆ. ಒಂದನ್ನು ರೂಟರಿನ ಪಕ್ಕದ ಪ್ಲಗ್ಗಿಗೆ, ಇನ್ನೊಂದನ್ನು ಕ್ಯಾಮೆರಾದ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿದರೆ ನಡುವಿನ ಕರೆಂಟಿನ ತಂತಿಯೇ ನೆಟ್‌ವರ್ಕ್ ಕೇಬಲ್ ಆಗಿಬಿಡುತ್ತದೆ. ತಂತಿಯಲ್ಲಿ ಹರಿಯುವ ವಿದ್ಯುತ್ತಿನದು 50 ಹರ್ಟ್ಸ್; ಅಡಾಪ್ಟರಿನ ಸಂಕೇತ ಹೋಗುವುದು ಸುಮಾರು 2 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ. ಒಂದಕ್ಕೊಂದು ಅಡ್ಡ ಬರುವುದಿಲ್ಲ. ನಾನು ಇದನ್ನು ಬೆರಗಿನಿಂದ ವಿವರಿಸುತ್ತಿದ್ದರೆ ಕೆಇಬಿಯಲ್ಲಿದ್ದ ಚಿಕ್ಕಪ್ಪ ನಕ್ಕರು. "ಸಬ್‌ಸ್ಟೇಷನ್ನಿನಿಂದ ಸಬ್‌ಸ್ಟೇಷನ್ನಿಗೆ ನಾವು ಮಾತನಾಡುತ್ತಿದ್ದದ್ದೇ ಹೈಟೆನ್ಷನ್ ತಂತಿಯ ಮೇಲೆ ಕಣೋ!"

ಮೊದಲ ದಿನ ಹಬ್ಬ. ಕುವೆಂಪುನಗರದಲ್ಲಿ ಕುಳಿತು ಮೊಬೈಲಿನಲ್ಲಿ ಹಿತ್ತಿಲ ಕರಿಬೇವಿನ ಗಿಡ ನೋಡಿದೆ. ಮರುದಿನ ಏಳೂವರೆಗೆ ಚಿತ್ರ ನಿಂತುಹೋಯಿತು. ಎರಡು ನಿಮಿಷ ಬಿಟ್ಟು ಬಂತು. ಮೂರನೆಯ ದಿನವೂ ಅದೇ ಹೊತ್ತಿಗೆ. ಗಾಬರಿಯಿಂದ ಫೋನ್ ಮಾಡಿದರೆ, "ಇರೋ, ಮಿಕ್ಸಿ ಹಾಕಿದ್ದೆ, ಕೇಳಿಸಲಿಲ್ಲ" ಎಂದರು ಅಮ್ಮ. ಕಳ್ಳ ಅಲ್ಲೇ ಸಿಕ್ಕಿದ. ಮಿಕ್ಸಿಯ ಮೋಟರಿನಲ್ಲಿರುವ ಕಾರ್ಬನ್ ಬ್ರಷ್ಷುಗಳು ಕಿಡಿ ಹಾರಿಸುತ್ತವೆ; ಆ ಗದ್ದಲವೆಲ್ಲ ಅದೇ ತಂತಿಗೆ ನುಗ್ಗುತ್ತದೆ. ತೆಂಗಿನಕಾಯಿ ಚಟ್ನಿಯಾದರೆ ಎರಡು ನಿಮಿಷ, ಹುರಿಗಡಲೆಯದಾದರೆ ಒಂದು.

ಅಡಾಪ್ಟರಿನ ಪೆಟ್ಟಿಗೆಯ ಮೇಲೆ ವೇಗ 600 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ಎಂದು ದೊಡ್ಡದಾಗಿ ಅಚ್ಚಾಗಿತ್ತು. ಅದರ ಕೇಬಲ್ ಸಿಕ್ಕಿಸುವ ಕಿಂಡಿಯೇ 100 ಎಂಬಿಪಿಎಸ್‌ಗಿಂತ ಹೆಚ್ಚು ಬಿಡದು! ನನಗೆ ಸಿಕ್ಕಿದ್ದು ಇಪ್ಪತ್ತರ ಆಸುಪಾಸು. ಇದನ್ನು ನಾನು ದೂರುವುದಿಲ್ಲ, ಎರಡು ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ ಎರಡರಿಂದ ನಾಲ್ಕು ಎಂಬಿಪಿಎಸ್ ಇದ್ದರೆ ಧಾರಾಳವಾಯಿತು. ಕಾವಲಿಗೆ ಬೇಕಾದದ್ದು ವೇಗವಲ್ಲ, ಕೈಕೊಡದಿರುವುದು. ಅಡಾಪ್ಟರನ್ನು ಸ್ಪೈಕ್ ಬಸ್ಟರಿಗೆ ಸಿಕ್ಕಿಸಿದರೆ ಅದರೊಳಗಿನ ಫಿಲ್ಟರ್ ಸಂಕೇತವನ್ನೇ ನುಂಗುತ್ತದೆ, ಗೋಡೆಯ ಪ್ಲಗ್ಗೇ ಆಗಬೇಕು. ತ್ರೀ ಫೇಸ್ ಮನೆಯಾದರೆ ಎರಡು ಪ್ಲಗ್ಗೂ ಒಂದೇ ಫೇಸಿನಲ್ಲಿದ್ದರೆ ಕ್ಷೇಮ. ಒಂದು ಫೇಸ್ ಹೋದಾಗ ಯಾವ ಕೋಣೆಗಳು ಒಟ್ಟಿಗೆ ಕತ್ತಲಾಗುತ್ತವೆ ಎಂಬುದು ಮನೆಯವರಿಗೆ ಬಾಯಿಪಾಠ ಇರುತ್ತದೆ, ಕೊಳ್ಳುವ ಮೊದಲು ಅವರನ್ನು ಕೇಳಿ. ಬಂದ ದಿನವೇ ಅಡಾಪ್ಟರುಗಳ ಜೋಡಿಸುವ ಗುಂಡಿ ಒತ್ತಿ ಎರಡಕ್ಕೂ ಹೊಸ ಪಾಸ್‌ವರ್ಡ್ ಕೂರಿಸಿಬಿಡಿ. ಎಷ್ಟೋ ಅಡಾಪ್ಟರುಗಳು ಕಾರ್ಖಾನೆಯಿಂದ ಒಂದೇ ಪಾಸ್‌ವರ್ಡ್ ಹೊತ್ತು ಬರುತ್ತವೆ, ಸಂಕೇತವೂ ಒಮ್ಮೊಮ್ಮೆ ಪಕ್ಕದ ಮನೆಯ ತಂತಿಗೆ ದಾಟುತ್ತದೆ.

ಮಿಕ್ಸಿಯನ್ನೇನೋ ಸಹಿಸಿಕೊಳ್ಳುತ್ತಿದ್ದೆ. ಸಹಿಸಲಾಗದ್ದು ಇನ್ವರ್ಟರ್ ಸಂಗತಿ. ರೂಟರ್ ಇದ್ದದ್ದು ಇನ್ವರ್ಟರ್ ಲೈನಿನಲ್ಲಿ, ಹಿತ್ತಿಲ ಪ್ಲಗ್ ನೇರ ಲೈನಿನಲ್ಲಿ. ರಾತ್ರಿ ಕರೆಂಟು ಹೋದರೆ ಕ್ಯಾಮೆರಾವೂ ಮಲಗುತ್ತಿತ್ತು. ಕತ್ತಲಾದಾಗಲೇ ಕಣ್ಣು ಮುಚ್ಚುವ ಕಾವಲುಗಾರನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಹಿತ್ತಿಲಿಗೂ ಇನ್ವರ್ಟರ್ ಲೈನ್ ಕೊಡಿಸಲು ಎಲೆಕ್ಟ್ರಿಷಿಯನ್ ಕರೆಸಿದೆ. ಏಣಿ ಹತ್ತಿ, ಗೋಡೆಗೂ ಹಂಚಿಗೂ ನಡುವಿನ ಸಂದಿಗೆ ಟಾರ್ಚ್ ಬಿಟ್ಟು ನೋಡಿದ ಅವರು, "ಸಾರ್, ತಂತಿ ಇಲ್ಲೇ ಹೋಗುತ್ತದೆ, ತೂತು ಯಾಕೆ ಬೇಕು?" ಎಂದರು. ಆ ಸಂದಿಯಲ್ಲಿ ಕರೆಂಟಿನ ತಂತಿ ಹೋಗುವುದಾದರೆ ನೆಟ್‌ವರ್ಕ್ ಕೇಬಲ್ ಹೋಗದೇ ಇರುತ್ತದೆಯೇ? ಮೂರು ತಿಂಗಳು ನಾನು ತಲೆಯೆತ್ತಿ ನೋಡಿರಲಿಲ್ಲ, ಅಷ್ಟೆ.

ಈಗ ಅಲ್ಲಿ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಇದೆ. ಪಿಒಇ (ಪವರ್ ಓವರ್ ಈಥರ್ನೆಟ್) ಇರುವ ಕ್ಯಾಮೆರಾಕ್ಕೆ ಬದಲಾಯಿಸಿಕೊಂಡೆ. ಕರೆಂಟೂ ಅದೇ ಕೇಬಲ್ಲಿನಲ್ಲಿ ಹೋಗುವುದರಿಂದ ಹಿತ್ತಿಲಲ್ಲಿ ಪ್ಲಗ್ಗೇ ಬೇಡ, ರೂಟರಿನ ಬಳಿಯ ಇನ್ವರ್ಟರ್ ಲೈನೇ ಸಾಕು. ಅಡಾಪ್ಟರುಗಳನ್ನು ತಂಗಿಗೆ ಕೊಟ್ಟೆ. ಅವಳದು ಬಾಡಿಗೆ ಮನೆ, ಮಾಲೀಕರು ಮೊಳೆ ಹೊಡೆಯಲೂ ಬಿಡುವುದಿಲ್ಲ. ಅಂಥವರಿಗೆ ಇದು ಒಳ್ಳೆಯ ವಸ್ತುವೇ. ಇವತ್ತು ಏಳೂವರೆಗೆ ಬೇಕೆಂದೇ ನೋಡಿದೆ. ಒಳಗೆ ಮಿಕ್ಸಿ ಗುರ್ರೆನ್ನುತ್ತಿತ್ತು, ಹಿತ್ತಿಲ ಕಟ್ಟೆಯ ಮೇಲೆ ಪಕ್ಕದ ಮನೆಯ ಬೆಕ್ಕು ಮೈ ನೆಕ್ಕಿಕೊಳ್ಳುತ್ತಿತ್ತು.