ಲೆಕ್ಕದ ಮೇಷ್ಟ್ರು ಲೆಕ್ಕ ಮಾಡೋಕೆ ಹೋಗಿದ್ದಾರೆ

ಸರ್ಕಾರಿ ಶಾಲೆಯ ಮೂರರಿಂದ ಐದನೇ ತರಗತಿವರೆಗಿನ ಮಕ್ಕಳಿಗೆ ಮೇಷ್ಟ್ರು ಇನ್ನು ಫೋನಿನಲ್ಲಿ ಲೆಕ್ಕ ಹೇಳಿಕೊಡುತ್ತಾರೆ. ಅದೂ ಶಾಲೆ ಬಿಟ್ಟ ಮೇಲೆ. ಕಾರ್ಯಕ್ರಮದ ಹೆಸರು 'ಗಣಿತ ಗಣಕ'. ನೀವೂ ಓದಿರ್ತೀರಿ. ಇಂಥದ್ದು ಹೊಳೆದ ತಲೆಗೆ ಮೈಸೂರು ಪೇಟ ತೊಡಿಸಬೇಕು ಅಂತ ನನ್ನ ಅಭಿಪ್ರಾಯ.

ಗೇಲಿ ಮಾಡೋಣ ಅಂದರೆ ಒಂದು ತೊಡಕಿದೆ. ಈ ಉಪಾಯ ಕೆಲಸ ಮಾಡುತ್ತೆ. ಕೊರೊನಾ ಕಾಲದಲ್ಲಿ ಆಫ್ರಿಕಾದ ಬೋಟ್ಸ್ವಾನಾದಲ್ಲಿ ಹೀಗೇ ಮನೆಮನೆಗೆ ಫೋನ್ ಮಾಡಿ ಕೂಡೋದು ಕಳೆಯೋದು ಹೇಳಿಕೊಟ್ಟರು. ಮಕ್ಕಳು ಕಲಿತರು. ಸಂಶೋಧಕರು ಅಳೆದು ನೋಡಿ ಹೌದು ಅಂದರು. ಆದರೆ ಬೋಟ್ಸ್ವಾನಾದವರು ಫೋನ್ ಹಿಡಿದಿದ್ದಕ್ಕೆ ಕಾರಣ ಇತ್ತು. ಅಲ್ಲಿ ಶಾಲೆಗೆ ಬೀಗ ಬಿದ್ದಿತ್ತು. ನಮ್ಮಲ್ಲಿ ಶಾಲೆ ತೆರೆದಿದೆ, ಗಂಟೆ ಹೊಡೆಯುತ್ತೆ, ಮಕ್ಕಳು ಬಂದು ಸಾಲಾಗಿ ಕೂತಿರ್ತಾರೆ. ಮೇಷ್ಟ್ರು ಮಾತ್ರ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.

ಎಲ್ಲಿದ್ದಾರೆ? ಎಣಿಸ್ತಾ ಇದ್ದಾರೆ.

2025ರ ಸೆಪ್ಟೆಂಬರ್ 22ರಿಂದ ಜಾತಿ ಸಮೀಕ್ಷೆ ಶುರುವಾಯಿತಲ್ಲ, ಆಗ ನೋಡಬೇಕಿತ್ತು ನಮ್ಮ ಮೇಷ್ಟ್ರುಗಳ ವೈಭವ. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಆ್ಯಪ್, ಆ್ಯಪಿನಲ್ಲಿ 60 ಪ್ರಶ್ನೆ. ಒಟಿಪಿ ಬರಲಿಲ್ಲ ಅಂತ ಬೇಲಿ ಪಕ್ಕ ಕಾಯುವುದು, ಸರ್ವರ್ ಸತ್ತಿದೆ ಅಂತ ಗುಡ್ಡ ಹತ್ತುವುದು, ನಾಯಿ ಅಟ್ಟಿಸಿಕೊಂಡು ಬಂತು ಅಂತ ಗುಡ್ಡ ಇಳಿಯುವುದು. ದಸರಾ ರಜೆಯೊಳಗೆ ಮುಗಿಯಲಿಲ್ಲ. ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಮಕ್ಕಳಿಗೆ ಖುಷಿಯೋ ಖುಷಿ.

ಇದೇ ಮೊದಲೇನಲ್ಲ. 2015ರಲ್ಲೂ ಇದೇ ಮೇಷ್ಟ್ರುಗಳು ಇದೇ ಮನೆಗಳ ಬಾಗಿಲು ತಟ್ಟಿದ್ದರು. ಆ ಲೆಕ್ಕದ ವರದಿ ಸರ್ಕಾರದ ಕೈಗೆ ಬಂದಿದ್ದು 2024ರಲ್ಲಿ. 2025ರಲ್ಲಿ ಲೆಕ್ಕ ಹಳೆಯದಾಯಿತು, ಅಳಿಸಿ ಮತ್ತೆ ಮಾಡಿ ಅಂದರು. ನಾಲ್ಕನೇ ಕ್ಲಾಸಿನ ಹುಡುಗ ಒಂದು ಲೆಕ್ಕಕ್ಕೆ ಹತ್ತು ವರ್ಷ ತಗೊಂಡು ಆಮೇಲೆ ಸ್ಲೇಟು ಒರೆಸಿದರೆ ಅವನಿಗೆ 'ನಿಧಾನ ಕಲಿಕೆ' ಅಂತ ಹಣೆಪಟ್ಟಿ ಹಚ್ಚುತ್ತೀವಿ. ದೊಡ್ಡವರು ಮಾಡಿದರೆ ಅದು ನೀತಿ ನಿರೂಪಣೆ.

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂನಲ್ಲಿ ಮೇಷ್ಟ್ರನ್ನು ಪಾಠ ಬಿಟ್ಟು ಬೇರೆ ಕೆಲಸಕ್ಕೆ ಕಳಿಸಬಾರದು ಅಂತ ಬರೆದಿದೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇಷ್ಟಕ್ಕೆ ಮಾತ್ರ ವಿನಾಯಿತಿ. ಇಷ್ಟೇ ಆದರೂ ಸಾಕಲ್ವಾ? ಪಂಚಾಯಿತಿ ಚುನಾವಣೆ ಒಂದು ವರ್ಷ, ವಿಧಾನಸಭೆ ಇನ್ನೊಂದು ವರ್ಷ, ಲೋಕಸಭೆ ಮತ್ತೊಂದು ವರ್ಷ, ನಡುವೆ ಮತದಾರರ ಪಟ್ಟಿ ತಿದ್ದುವುದು. 2026ರಲ್ಲಿ ಜನಗಣತಿಯ ಮನೆಪಟ್ಟಿ, 2027ರ ಫೆಬ್ರವರಿಯಲ್ಲಿ ತಲೆ ಎಣಿಕೆ. ಇಡೀ ದೇಶದ ತಲೆ ಎಣಿಸಬಲ್ಲವರಿಗೆ ಎದುರಿಗೆ ಕೂತ ಇಪ್ಪತ್ತು ತಲೆಗೆ ಎಣಿಕೆ ಕಲಿಸಲು ಪುರುಸೊತ್ತಿಲ್ಲ.

ಅದೇ ಕಾಯ್ದೆಯಲ್ಲಿ ಇನ್ನೊಂದು ಸೊಗಸಾದ ಲೆಕ್ಕ ಇದೆ. ಕಿರಿಯ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಮೇಷ್ಟ್ರು. ತರಗತಿ 5, ವಿಷಯ 4, ಒಟ್ಟು 20 ಪಾಠ. ಇಬ್ಬರಿಗೆ ಹಂಚಿದರೆ ತಲಾ 10. ಒಬ್ಬರು ತರಬೇತಿಗೆ ಹೋದರೆ 20ನ್ನು 1ರಿಂದ ಭಾಗಿಸಿ. ಉಳಿದವರನ್ನೂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಮೀಟಿಂಗಿಗೆ ಕರೆದರೆ 20ನ್ನು ಸೊನ್ನೆಯಿಂದ ಭಾಗಿಸಿ. ಗಣಿತದಲ್ಲಿ ಇದಕ್ಕೆ ಉತ್ತರ ಇಲ್ಲ. ಇಲಾಖೆಯಲ್ಲಿದೆ. ಅತಿಥಿ ಶಿಕ್ಷಕರು.

ಈಗ ಮೊಟ್ಟೆಗೆ ಬರೋಣ. ವಿಷಯ ತಪ್ಪಿದೆ ಅನ್ನಬೇಡಿ, ಗಣಿತವೆಲ್ಲ ಅಲ್ಲೇ ಇರೋದು. ಬಿಸಿಯೂಟದ ಒಂದು ಮೊಟ್ಟೆಗೆ ಸರ್ಕಾರ ಕೊಡುವುದು 6 ರೂಪಾಯಿ. ಅದರಲ್ಲೇ ಕೊಳ್ಳಬೇಕು, ತರಬೇಕು, ಬೇಯಿಸಬೇಕು. ಸಿಪ್ಪೆ ಸುಲಿಯುವುದಕ್ಕೆ ಅಂತಲೇ 30 ಪೈಸೆ. ಈ 30 ಪೈಸೆ ಹೊಳೆದ ಅಧಿಕಾರಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ದಶಾಂಶ ಭಿನ್ನರಾಶಿಗೆ ಇಷ್ಟು ಹತ್ತಿರದಿಂದ ನೋಡಿದ ಉದಾಹರಣೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಆದರೆ ಅಂಗಡಿಯಲ್ಲಿ ಮೊಟ್ಟೆ 7 ದಾಟಿದಾಗ? ಆರರಲ್ಲಿ ಏಳು ಹೋಗಲ್ಲ. ಮೇಷ್ಟ್ರು ಮಕ್ಕಳಿಗೆ ಹೇಳಿಕೊಡೋದು ಏನು? ಹೋಗದಿದ್ದರೆ ಪಕ್ಕದ ಮನೆಯಿಂದ ಸಾಲ ತಗೊ. ಹೆಡ್‌ಮಾಸ್ಟರಿಗೆ ಪಕ್ಕದ ಮನೆ ಅಂದರೆ ಅವರದೇ ಜೇಬು. ಕೊಟ್ಟಿದ್ದು ವಾಪಸ್ ಬರಲ್ಲ. ಮೊಟ್ಟೆ ಬೇಡ ಅಂದ ಮಕ್ಕಳಿಗೆ ಬಾಳೆಹಣ್ಣು, ಅದರ ಪಟ್ಟಿ ಬೇರೆ. ಹಾಲಿನ ಪುಡಿಯ ಲೆಕ್ಕ, ರಾಗಿ ಮಾಲ್ಟಿನ ಲೆಕ್ಕ, ಶೂ ಸಾಕ್ಸಿನ ಲೆಕ್ಕ, ಎಲ್ಲ ಆನ್‌ಲೈನ್. ಇಷ್ಟೆಲ್ಲ ಮುಗಿಸಿ ಬೋರ್ಡಿನ ಮುಂದೆ ನಿಂತರೆ ಊಟದ ಗಂಟೆ ಹೊಡೆಯುತ್ತೆ.

ಕಲಿಸಲು ಸಾಮಾನಿಲ್ಲ ಅಂತ ಯಾರೂ ದೂರುವಂತಿಲ್ಲ. ಶಾಲೆಗಳಿಗೆ ಗಣಿತ ಕಿಟ್ ಕೊಟ್ಟು ಎಷ್ಟೋ ವರ್ಷವಾಯಿತು. ಮಣಿ ಪೋಣಿಸಿದ ಚೌಕಟ್ಟು, ದಾಳ, ಗಡಿಯಾರ, ಆಟದ ನೋಟು ಎಲ್ಲ ಇದೆ. ಒಳ್ಳೆಯ ಕಿಟ್, ಅದು ತಮಾಷೆಯಲ್ಲ. ಮಗು ಮಣಿ ಮುಟ್ಟಿ ಹತ್ತು ಬಿಡಿ ಸೇರಿ ಒಂದು ದಶಕ ಅಂತ ಕಂಡುಕೊಂಡರೆ ಆಮೇಲೆ ಸಾಲ ತಗೊಳ್ಳೋದು ಯಾಕೆ ಅಂತ ತಾನೇ ತಿಳಿಯುತ್ತೆ. ಆದರೆ ಮಗು ಮುಟ್ಟಿದರೆ ಮಣಿ ಕಳೆಯುತ್ತೆ. ಮಣಿ ಕಳೆದರೆ ದಾಸ್ತಾನು ಪುಸ್ತಕದಲ್ಲಿ ಒಂದು ಕಡಿಮೆ. ಆಡಿಟ್ ಬಂದರೆ ಯಾರು ಉತ್ತರ ಕೊಡೋದು? ಹಾಗಾಗಿ ಎಷ್ಟೋ ಕಡೆ ಕಿಟ್ಟು ಬೀರುವಿನಲ್ಲಿ ಕ್ಷೇಮವಾಗಿದೆ. ಆಟದ ನೋಟಿಗೆ ಗಾಡ್ರೇಜ್ ಬೀಗ. ರಿಸರ್ವ್ ಬ್ಯಾಂಕಿನವರು ಒಮ್ಮೆ ಬಂದು ನೋಡಿ ಕಲಿಯಬೇಕು.

ಇನ್ನು 'ನಮ್ಮ ಕಾಲದಲ್ಲಿ' ಅನ್ನುವ ಮಾವಂದಿರು. ಎಲ್ಲರ ಮನೆಯಲ್ಲೂ ಒಬ್ಬರಿರ್ತಾರೆ. ಹಳೇ ಕಾಲದ ಊರಶಾಲೆ ಕೂಲಿಮಠದಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು, ತಪ್ಪಿದರೆ ಕೋದಂಡ ಏರಿಸಿ ಹಗ್ಗಕ್ಕೆ ಜೋತು ಬೀಳಿಸುತ್ತಿದ್ದರು, ಅದಕ್ಕೇ ನಮಗೆ ಲೆಕ್ಕ ಬಂತು ಅಂತ. ಕೂಲಿಮಠ ಇವರಿಗೂ ಸಿಕ್ಕಿರಲಿಲ್ಲ, ಇವರ ಅಜ್ಜನಿಗೆ ಸಿಕ್ಕಿತ್ತು. ಇಂಥವರು ಆಮೇಲೆ ನೇರ ನೃಪತುಂಗನ ಕಾಲಕ್ಕೆ ಹೋಗ್ತಾರೆ. ಗಣಿತಜ್ಞ ಮಹಾವೀರಾಚಾರ್ಯ ನಮ್ಮವನು, 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದ. ನಿಜ, ಬರೆದ. ಬೀದಿ ಬೀದಿ ಸುತ್ತಿ ಮನೆಗೆ ಸಮೀಕ್ಷೆಯ ಸ್ಟಿಕರ್ ಇದೆಯಾ ನೋಡಿಕೊಂಡು ಬಾ ಅಂತ ಅವನನ್ನು ಯಾರೂ ಕಳಿಸಿರಲಿಲ್ಲ.

ಇಷ್ಟಾದ ಮೇಲೆ ಪರೀಕ್ಷೆ ಯಾರಿಗೆ? ಮಕ್ಕಳಿಗೆ. ಹಳ್ಳಿ ಮಕ್ಕಳ ಕಲಿಕೆ ಅಳೆಯುವ 'ಅಸರ್' ಸಮೀಕ್ಷೆಯ 2024ರ ವರದಿ ನೋಡಿ. ದೇಶದ ಹಳ್ಳಿಗಳಲ್ಲಿ ಮೂರನೇ ತರಗತಿಯ ಶೇ. 33.7 ಮಕ್ಕಳಿಗೆ ಮಾತ್ರ ಕಳೆಯುವ ಲೆಕ್ಕ ಬರುತ್ತೆ. ಐದನೇ ತರಗತಿಯಲ್ಲಿ ಭಾಗಾಕಾರ ಬರುವವರು ಶೇ. 30.7. ಪತ್ರಿಕೆಗಳು 'ಆಘಾತಕಾರಿ' ಅಂತ ಹೆಡ್ಡಿಂಗ್ ಕೊಡುತ್ತವೆ. ಪ್ರತಿ ಸಲ ವರದಿ ಬಂದಾಗಲೂ ಆಘಾತ ಆಗುತ್ತೆ. ಆಘಾತ ಆದ ಕೂಡಲೇ ಹೊಸ ಕಾರ್ಯಕ್ರಮ ಹುಟ್ಟುತ್ತೆ. ನಲಿ ಕಲಿ ಆಯಿತು, ಗಣಿತ ಕಲಿಕಾ ಆಂದೋಲನ ಆಯಿತು, ಓದು ಕರ್ನಾಟಕ ಆಯಿತು, ಕಲಿಕಾ ಚೇತರಿಕೆ ಆಯಿತು. ಕೆಲವು ನಿಜಕ್ಕೂ ಚೆನ್ನಾಗಿದ್ದವು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ ಕಲಿ ಶುರುವಾದಾಗ ಅದನ್ನು ಕಟ್ಟಿದವರು ಮೇಷ್ಟ್ರುಗಳೇ. ಒಂದೊಂದು ಮಗು ಅದರದೇ ವೇಗದಲ್ಲಿ ಏಣಿ ಹತ್ತಲಿ, ಹತ್ತುವಾಗ ಪಕ್ಕದಲ್ಲಿ ಮೇಷ್ಟ್ರು ಇರಲಿ ಅನ್ನುವುದು ಅದರ ಲೆಕ್ಕ. ಏಣಿ ಇಡೀ ರಾಜ್ಯಕ್ಕೆ ಹಂಚಿದೆವು. ಪಕ್ಕದಲ್ಲಿ ಇರಬೇಕಾದವರನ್ನು ಸಮೀಕ್ಷೆಗೆ ಕಳಿಸಿದೆವು.

ನಗು ಸಾಕು. ಒಂಬತ್ತು ವರ್ಷದ ಮಗುವಿಗೆ 52ರಲ್ಲಿ 27 ಕಳೆಯೋದು ಕಲಿಸಲು ರಾಕೆಟ್ ವಿಜ್ಞಾನ ಬೇಡ. ಎದುರಿಗೆ ಒಬ್ಬರು ಕೂತು, ಎಲ್ಲಿ ತಪ್ಪಿದೆ ಅಂತ ನೋಡಿ, ನಾಳೆ ಮತ್ತೆ ಬಂದು ಅಲ್ಲಿಂದಲೇ ಶುರು ಮಾಡಿದರೆ ಸಾಕು. ಅಷ್ಟು ಮಾಡಲಾಗದೆ ಕಲಿಕಾ ನಷ್ಟ, ಕಲಿಕಾ ಫಲ, ಕಲಿಕಾ ಮಟ್ಟ ಅಂತ ಮಾತು ಪೋಣಿಸುತ್ತೀವಿ. ಸರ್ಕಾರಿ ಶಾಲೆಗೆ ಬರುವುದು ಟ್ಯೂಷನ್ನಿಗೆ ದುಡ್ಡಿಲ್ಲದವರ ಮಕ್ಕಳು. ಅವರಿಗೆ ಶಾಲೆಯಲ್ಲಿ ಬರದಿದ್ದರೆ ಬೇರೆಲ್ಲೂ ಬರಲ್ಲ. ಇದು ಗೊತ್ತಿದ್ದೂ ಮಾಡ್ತಾ ಇದ್ದೀವಿ. ಆದೇಶಕ್ಕೆ ಸಹಿ ಹಾಕುವವರ ಮಕ್ಕಳು ಆ ಬೆಂಚಿನ ಮೇಲೆ ಕೂರುವಂತಿದ್ದರೆ ದಸರಾ ರಜೆ ಒಂದು ದಿನವೂ ಉದ್ದ ಆಗುತ್ತಿರಲಿಲ್ಲ.

ಇರಲಿ, ಫೋನಿಗೆ ಬರೋಣ. ಸಂಜೆ ಮೇಷ್ಟ್ರು ಫೋನ್ ಮಾಡ್ತಾರೆ. ಮನೆಯ ಒಂದೇ ಫೋನು ಅಪ್ಪನ ಹತ್ತಿರ, ಅಪ್ಪ ಗಾರೆ ಕೆಲಸಕ್ಕೆ ಬೆಂಗಳೂರಿನಲ್ಲಿ. 'ಮಗ ಊರಲ್ಲವ್ನೆ ಸಾ, ನಂಗೇ ಯೋಳಿ, ನಾನು ಯೋಳ್ತೀನಿ' ಅನ್ನುತ್ತಾನೆ ಆತ. ಮೇಷ್ಟ್ರು ಹೇಳ್ತಾರೆ. ಕರೆಯ ಅವಧಿ ಇಷ್ಟು ನಿಮಿಷ, ಕಲಿಕೆ ತೃಪ್ತಿಕರ ಅಂತ ಆ್ಯಪಿನಲ್ಲಿ ತುಂಬುತ್ತಾರೆ. ಆಮೇಲೆ ನಾಳೆಯ ಮೊಟ್ಟೆಗೆ ಅಂಗಡಿಗೆ ಹೊರಡುತ್ತಾರೆ.