ಬೆಲೆ ಇಳಿಸಿದರೆ ಷೇರು ಏರುತ್ತಂತೆ!

ಈಗಷ್ಟೇ ಒಂದು ಷೇರು ಸಲಹೆಯ ವಿಡಿಯೊ ನೋಡಿ ತಲೆ ಕೆಟ್ಟಿದೆ. "ಲ್ಯಾಪ್‌ಟಾಪ್ ಬೆಲೆ ಇಳಿಸಿದ್ದಾರೆ, ಮಾರಾಟ ಜಾಸ್ತಿ ಆಗುತ್ತೆ, ಲಾಭ ಬರುತ್ತೆ, ಷೇರು ತಗೊಳ್ಳಿ" ಅಂತೆ. ಅಣ್ಣಾ, ಮನೇಲಿ ಕ್ಯಾಲ್ಕುಲೇಟರ್ ಇಲ್ವಾ?

50,000ದ ಲ್ಯಾಪ್‌ಟಾಪಿಗೆ ಕಂಪನಿಗೆ 45,000 ಖರ್ಚು ಬೀಳುತ್ತೆ ಅನ್ನಿ. ಉಳಿಯೋದು 5,000. ಬೆಲೆ ಬರೀ 5% ಇಳಿಸಿ, ಉಳಿಯೋದು 2,500. ಮೊದಲಿನಷ್ಟೇ ದುಡ್ಡು ನೋಡೋಕೆ ಎರಡರಷ್ಟು ಮಾಲು ಹೋಗಬೇಕು. ಮರುದಿನವೇ ಎದುರಾಳಿಯೂ ಇಳಿಸಿದರೆ ಅಷ್ಟು ಗಿರಾಕಿಗಳು ಎಲ್ಲಿಂದ ಬರ್ತಾರೆ? ಸಾಲದ್ದಕ್ಕೆ, ಡೀಲರ್ ಹಳೇ ದರಕ್ಕೆ ತುಂಬಿಸಿಟ್ಟುಕೊಂಡ ಸ್ಟಾಕಿಗೆ ವ್ಯತ್ಯಾಸದ ಕ್ರೆಡಿಟ್ ನೋಟ್ (ಅಷ್ಟು ದುಡ್ಡು ಅವನ ಲೆಕ್ಕಕ್ಕೆ ವಾಪಸ್ ಜಮಾ) ಬೇರೆ ಕೊಡಬೇಕಾಗಬಹುದು.

ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ (ಟಿಐ) ಮಾಡಿಕೊಂಡ ಎಡವಟ್ಟು ನೋಡಿ. 1981ರಲ್ಲಿ ಅದರ ಟಿಐ-99/4ಎ ಹೋಮ್ ಕಂಪ್ಯೂಟರಿಗೆ 525 ಡಾಲರ್. ಎದುರಿಗೆ ಇನ್ನೊಂದು ಕಂಪ್ಯೂಟರ್ ಕಂಪನಿ ಕಮೋಡೋರ್‌ನ ಸ್ಥಾಪಕ ಜ್ಯಾಕ್ ಟ್ರಾಮಿಯೆಲ್. ಎಪ್ಪತ್ತರ ದಶಕದ ಕ್ಯಾಲ್ಕುಲೇಟರ್ ದರಸಮರದಲ್ಲಿ ಇದೇ ಟಿಐ ಕೈಲಿ ಏಟು ತಿಂದಿದ್ದ ಆಸಾಮಿ. 1976ರಲ್ಲಿ ಚಿಪ್ ಮಾಡೋ ಕಂಪನಿಯನ್ನೇ ಕೊಂಡು ಕಾಯ್ತಾ ಕೂತಿದ್ದ. 1983ರಲ್ಲಿ "ಯಾವ ಹಳೇ ಕಂಪ್ಯೂಟರ್ ತಂದರೂ ನಮ್ಮ ಕಮೋಡೋರ್ 64 ಕಂಪ್ಯೂಟರಿಗೆ 100 ಡಾಲರ್ ಕಡಿತ" ಅಂದ. ಜನ ಬುದ್ಧಿವಂತರು, ಆ 100 ಡಾಲರಿಗಿಂತ ಅಗ್ಗಕ್ಕೆ ಸಿಗ್ತಿದ್ದ ಟೈಮೆಕ್ಸ್ ಸಿಂಕ್ಲೇರ್ ಕಂಪ್ಯೂಟರ್ ಕೊಂಡು ತಂದುಕೊಟ್ಟರು!

ಟಿಐ ಇಳಿಸುತ್ತಾ ಇಳಿಸುತ್ತಾ 99 ಡಾಲರಿಗೆ ಬಂತು. ಯಂತ್ರದಲ್ಲಿ ಹೋದದ್ದನ್ನು ಅದಕ್ಕೆ ಸಿಕ್ಕಿಸೋ ಆಟ, ಪ್ರೋಗ್ರಾಂಗಳ ಕಾರ್ಟ್ರಿಜ್ ಮಾರಿ ಗಿಟ್ಟಿಸಿಕೊಳ್ಳೋ ಲೆಕ್ಕಾಚಾರ. ಗಿಟ್ಟಲಿಲ್ಲ. ಜೂನ್‌ನಲ್ಲಿ ಭಾರೀ ನಷ್ಟದ ಸುಳಿವು ಕೊಟ್ಟಾಗ ಷೇರು ಮುಗ್ಗರಿಸಿತು. ಅಕ್ಟೋಬರಲ್ಲಿ "ಈ ವ್ಯಾಪಾರವೇ ಬೇಡ" ಅಂತ ಕೈ ತೊಳೆದುಕೊಂಡಾಗ ಅದೇ ಷೇರು ಜಿಗಿಯಿತು. ವಿಡಿಯೊ ಪಂಡಿತರೇ, ಕೇಳಿಸ್ತಾ? ಮಾರೋದು ನಿಲ್ಲಿಸಿದಾಗ ಏರಿದ್ದು!

"ಡೆಲ್ 2001ರಲ್ಲಿ ಬೆಲೆ ಇಳಿಸಿಯೇ ಗೆಲ್ಲಲಿಲ್ವಾ?" ಅಂತ ಯಾರಾದರೂ ಬಂದೇ ಬರ್ತೀರಿ. ಗೆದ್ದಿತು, ಸರಿ. ಅದರ ಹತ್ತಿರ ಇರ್ತಿದ್ದದ್ದು ನಾಲ್ಕೈದು ದಿನದ ಸ್ಟಾಕ್. ಬಿಡಿಭಾಗಗಳ ದರ ವಾರವಾರ ಬೀಳುವಾಗ ತಿಂಗಳ ಮಾಲು ಇಟ್ಟುಕೊಂಡವನಿಗೆ ಬೀಳೋ ಪೆಟ್ಟು ಅದಕ್ಕೆ ಬೀಳಲಿಲ್ಲ. ಗಿರಾಕಿಯ ದುಡ್ಡು ಮೊದಲು ಒಳಗೆ, ಸರಬರಾಜುದಾರನಿಗೆ ಆಮೇಲೆ. ಆ ವ್ಯವಸ್ಥೆ ಇಲ್ಲದವರು ಡೆಲ್ ಹೆಸರು ಹೇಳಿ ಬೆಲೆ ಇಳಿಸೋದು, ಈಜು ಬಾರದವ ಬಾವಿಗೆ ಹಾರಿದ ಹಾಗೆ.

ಸೇಲ್ ಬಂದಾಗ ನಾನೂ ಕಾರ್ಟ್ ತುಂಬಿಸ್ತೀನಿ ಬಿಡಿ, ಅದು ಗಿರಾಕಿಯ ಸುಖ. ಷೇರು ಕೊಳ್ಳುವ ಮುಂಚೆ ಮಾತ್ರ ತ್ರೈಮಾಸಿಕ ವರದಿ ತೆಗೆದು ಗ್ರಾಸ್ ಮಾರ್ಜಿನ್ (ಮಾರಿದ ದುಡ್ಡಲ್ಲಿ ಮಾಲಿನ ಖರ್ಚು ಕಳೆದು ಉಳಿಯೋ ಪಾಲು) ಎಷ್ಟಿದೆ, ಮಾರಾಟವಾಗದ ಸ್ಟಾಕ್ ಎಷ್ಟು ದಿನದ್ದು ಕೂತಿದೆ, ನೋಡಿ. ಹನ್ನೆರಡು ನಿಮಿಷದ ಆ ವಿಡಿಯೊದಲ್ಲಿ ಇವೆರಡೂ ಒಂದು ಸಲವೂ ಬರಲಿಲ್ಲ.