ಸಹಿ ಹಾಕಿದ್ದೆ, ಅರ್ಥವಾಗಿರಲಿಲ್ಲ

ಕರ್ನಾಟಕ ಬಿಟ್ಟು ಬಂದು ಇಲ್ಲಿನ ಆಹಾರ ಕಾರ್ಖಾನೆಗೆ ಸೇರಿದ ದಿನ ನಾಲ್ಕು ಪುಟದ ನಿಯಮಪತ್ರಕ್ಕೆ ಸಹಿ ಹಾಕಿಸಿಕೊಂಡರು. ಆ ಭಾಷೆ ನನಗಾಗ ಬರುತ್ತಿರಲಿಲ್ಲ. ಪಕ್ಕದವರು ಹಾಕಿದರು, ನಾನೂ ಹಾಕಿದೆ. ಈಗ ಹೊರಗಿನ ಕಂಟ್ರಾಕ್ಟರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ವೆಲ್ಡರ್, ಪೈಪ್ ಫಿಟ್ಟರ್, ಪೆಸ್ಟ್ ಕಂಟ್ರೋಲ್‌ನವರು ಗೇಟಿನಲ್ಲಿ ಹಾಗೆಯೇ ಸಹಿ ಹಾಕಿ ಒಳಗೆ ಬರುವಾಗ ಆ ದಿನ ನೆನಪಾಗುತ್ತದೆ.

ಹಿಂದೆ ದುಡಿದ ಕಾರ್ಖಾನೆಯಲ್ಲಿ ಎಲ್ಲ ನಡೆಯುತ್ತಿದ್ದುದು ಪರಿಚಯದ ಮೇಲೆ. ಮೆಷಿನ್ ಕೈಕೊಟ್ಟರೆ ಒಂದು ಫೋನ್ ಸಾಕು, ವರ್ಷಗಳಿಂದ ಬರುತ್ತಿದ್ದ ವೆಲ್ಡರ್ ಅರ್ಧ ರಾತ್ರಿಗೂ ಬರುತ್ತಿದ್ದರು. ಯಾವ ಬೇರಿಂಗ್ ಯಾವಾಗ ಹೋಗುತ್ತದೆಂದು ನಮ್ಮ ಎಂಜಿನಿಯರ್‌ಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಆ ಅಕ್ಕರೆಯ ಬೆಲೆ ಇಲ್ಲಿಗೆ ಬಂದ ಮೇಲೆ ತಿಳಿಯಿತು. ಆದರೆ ‘ನಮ್ಮವರೇ ಬಿಡಿ’ ಎಂದು ಅವರ ಕೆಲಸವನ್ನು ಯಾರೂ ನೋಡುತ್ತಿರಲಿಲ್ಲ. ಒಮ್ಮೆ ಕನ್ವೇಯರ್ ಪಕ್ಕದಲ್ಲೇ ಲೋಹ ಉಜ್ಜುವ ಗ್ರೈಂಡಿಂಗ್ ನಡೆಯಿತು. ಬೆಲ್ಟಿಗೆ ಹೊದಿಕೆ ಹಾಕಿರಲಿಲ್ಲ, ಹಾಕಿ ಎಂದು ನಾವೂ ಹೇಳಿರಲಿಲ್ಲ. ಬೆಳಗ್ಗೆ ಉತ್ಪಾದನೆಯ ಲೈನ್ ಶುರುವಾದ ಮೇಲೆ ಲೋಹದ ಚೂರು ಕಾಣಿಸಿತು, ಇಡೀ ಪಾಳಿಯ ಮಾಲನ್ನು ತಡೆಹಿಡಿದೆವು. ಮೆಟಲ್ ಡಿಟೆಕ್ಟರ್ ಇದೆಯಲ್ಲ ಎಂದರು ಕೆಲವರು. ಸ್ಟೇನ್‌ಲೆಸ್ ಸ್ಟೀಲನ್ನು ಹಿಡಿಯುವುದು ಡಿಟೆಕ್ಟರ್‌ಗೆ ಕಬ್ಬಿಣಕ್ಕಿಂತ ಕಷ್ಟ. ಸಣ್ಣ ಚೂರು ತಪ್ಪಿಸಿಕೊಂಡು ಹೋಗಬಹುದು.

ಇಲ್ಲಿ ಎಲ್ಲದಕ್ಕೂ ಕಾಗದವಿದೆ: ಹೊಸಬರಿಗೆ ನಿಯಮ ತಿಳಿಸುವ ಇಂಡಕ್ಷನ್, ಬ್ಯಾಡ್ಜ್, ಪ್ರತಿ ಕೆಲಸಕ್ಕೂ ಮೊದಲು ತುಂಬುವ ಅನುಮತಿ ಪತ್ರವಾದ ವರ್ಕ್ ಪರ್ಮಿಟ್. ಮೊದಮೊದಲು ನನಗೆ ನೆಮ್ಮದಿ ಎನಿಸಿತ್ತು. ಆಮೇಲೆ ಒಂದು ಪರ್ಮಿಟ್ ಕೈಗೆತ್ತಿಕೊಂಡು ನಿಧಾನವಾಗಿ ಓದಿದೆ. ಬೆಂಕಿ ನಂದಿಸುವ ಸಿಲಿಂಡರ್ ಇದೆಯೇ, ವಿದ್ಯುತ್ ಕಡಿದು ಬೀಗ ಹಾಕಿದೆಯೇ, ಎತ್ತರದಲ್ಲಿ ಸುರಕ್ಷಾ ಬೆಲ್ಟ್ ಕಟ್ಟಿಕೊಂಡಿದ್ದಾರೆಯೇ, ಎಲ್ಲವನ್ನೂ ಕೇಳಿದ್ದರು. ಕೆಲಸಗಾರನ ಜೀವಕ್ಕೆ ಅದು ಬೇಕೇ ಬೇಕು. ಆದರೆ ಪಕ್ಕದ ಲೈನಿಗೆ ಹೊದಿಕೆ ಹಾಕಿದ್ದೀರಾ, ಒಳಗೆ ತಂದ ಉಪಕರಣಗಳನ್ನು ಎಣಿಸಿ ಹೊರಗೊಯ್ದಿರಾ, ಹಚ್ಚಿದ ಗ್ರೀಸ್ ಆಹಾರದ ಬಳಿ ಬಳಸಲು ತಕ್ಕ ಫುಡ್ ಗ್ರೇಡ್‌ನದೇ, ಕೆಲಸ ಮುಗಿದ ಮೇಲೆ ತೊಳೆದು ಪರೀಕ್ಷಿಸಿ ಲೈನನ್ನು ವಾಪಸ್ ಪಡೆದವರು ಯಾರು? ಇವುಗಳಲ್ಲಿ ಒಂದೂ ಇರಲಿಲ್ಲ. ತಿನ್ನುವವರ ಪರವಾಗಿ ಒಂದು ಸಾಲೂ ಇಲ್ಲದ ಕಾಗದ ಅದು.

ಹೊರಗಿನವರ ಕೆಲಸ ಎಷ್ಟು ದೂರ ಮುಟ್ಟಬಲ್ಲದು ಎನ್ನುವುದಕ್ಕೆ 1994ರಲ್ಲಿ ಅಮೆರಿಕದಲ್ಲಿ ನಡೆದದ್ದೇ ಸಾಕ್ಷಿ. ಐಸ್‌ಕ್ರೀಮ್ ಮಿಶ್ರಣವನ್ನು ಪಾಶ್ಚರೀಕರಿಸಿ, ಅಂದರೆ ರೋಗಾಣು ಸಾಯುವಂತೆ ಕಾಯಿಸಿ, ಟ್ಯಾಂಕರ್‌ಗೆ ತುಂಬಿದ್ದರು. ಅದೇ ಟ್ಯಾಂಕರ್‌ಗಳು ಅದಕ್ಕೆ ಮೊದಲು ಪಾಶ್ಚರೀಕರಿಸದ ಮೊಟ್ಟೆಯ ದ್ರವ ಸಾಗಿಸಿದ್ದವು. ಕಾರ್ಖಾನೆಗೆ ಬಂದ ಮಿಶ್ರಣವನ್ನು ಮತ್ತೆ ಕಾಯಿಸಲಿಲ್ಲ. ಸಾಲ್ಮೊನೆಲ್ಲಾ ಎಂಬ ರೋಗಾಣು ತಗುಲಿ ಸುಮಾರು 2,24,000 ಮಂದಿ ಕಾಯಿಲೆ ಬಿದ್ದರೆಂದು ಅಂದಾಜಿಸಿದರು. ‘ಬರೀ ಸಾಗಣೆ’ ಎಂದು ಯಾರಾದರೂ ಹೇಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಆಹಾರ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 22000ರ 2018ರ ಆವೃತ್ತಿಯೂ ಹೊರಗಿನಿಂದ ಪಡೆಯುವ ಸೇವೆಯವರನ್ನು ಅಳೆದು ಆರಿಸಬೇಕು, ಕೆಲಸದ ಮೇಲೆ ಕಣ್ಣಿಡಬೇಕು, ಆಗಾಗ ಮತ್ತೆ ಅಳೆಯಬೇಕು ಎನ್ನುತ್ತದೆ. ಕೆಲಸವನ್ನು ಗುತ್ತಿಗೆಗೆ ಕೊಡಬಹುದು, ಹೊಣೆಯನ್ನು ಕೊಡಲು ಬರುವುದಿಲ್ಲ.

ತಪ್ಪು ಯಾವಾಗಲೂ ಅವರದೇ ಎಂದೂ ಅಲ್ಲ. ನಮ್ಮ ಪೆಸ್ಟ್ ಕಂಟ್ರೋಲ್ ಹುಡುಗ ಹಿಂಬಾಗಿಲ ಕೆಳಗೆ ಸಂದಿದೆ ಎಂದು ಸತತ ಮೂರು ಭೇಟಿಯಲ್ಲಿ ಬರೆದಿದ್ದ. ಮೂರೂ ವರದಿಗೆ ನಮ್ಮವರ ಸಹಿ ಇತ್ತು, ಸಂದು ಹಾಗೇ ಇತ್ತು. ಓದದೆ ಫೈಲಿಗೆ ಸೇರಿಸಿದ ವರದಿಗೆ ದುಡ್ಡು ಕೊಟ್ಟು ಏನು ಬಂತು?

ಈಗ ಇಂಡಕ್ಷನ್ ಅನ್ನು ಕೊಠಡಿಯಲ್ಲಿ ಕೂರಿಸಿ ಮಾಡುವುದನ್ನು ಬಿಟ್ಟಿದ್ದೇನೆ. ಲೈನಿನ ಪಕ್ಕ ನಿಲ್ಲಿಸಿ, ಅವರವರ ಭಾಷೆ ಬಲ್ಲವರಿಂದ ಹೇಳಿಸಿ, ಮಾಡಿ ತೋರಿಸಿ ಎನ್ನುತ್ತೇನೆ. ಸಹಿ ಅದಾದ ಮೇಲೆ. ಹೊತ್ತು ಹಿಡಿಯುತ್ತದೆ, ರಿಪೇರಿಗೆಂದು ಲೈನ್ ನಿಲ್ಲಿಸುವ ಶಟ್‌ಡೌನ್ ದಿನಗಳಲ್ಲಿ ಪ್ರೊಡಕ್ಷನ್‌ನವರು ಸಿಡುಕುತ್ತಾರೆ.

ಕಳೆದ ಶಟ್‌ಡೌನ್‌ನಲ್ಲಿ ಹೊಸದಾಗಿ ಬಂದಿದ್ದ ಹೆಲ್ಪರ್ ಹುಡುಗ ತನ್ನ ಭಾಷೆಯಲ್ಲೇ ಕೇಳಿದ: “ಸಾರ್, ಮುಚ್ಚಿರೋ ಶೀಟ್ ತೆಗೆಯುವಾಗ ಅದರ ಮೇಲಿನ ಚೂರೆಲ್ಲ ಬೆಲ್ಟ್ ಮೇಲೇ ಬೀಳಲ್ವಾ?” ಪರ್ಮಿಟ್‌ನಲ್ಲಿ ಆ ಪ್ರಶ್ನೆ ಇರಲಿಲ್ಲ. ಮೊದಲು ವ್ಯಾಕ್ಯೂಮ್ ಹಿಡಿದು, ಆಮೇಲೆ ಅಂಚುಗಳನ್ನು ಒಳಕ್ಕೆ ಮಡಚಿ ಶೀಟ್ ತೆಗೆಯಬೇಕೆಂದು ಅವತ್ತೇ ಸೇರಿಸಿದೆವು.